ಕರಿ ನೂಲಿನ ಲಡಿ

ಬೆಟಗೇರಿ, ಮಂಗಳವಾರ

ಮಹಾದೇವಣ್ಣನಿಗೆ ಶೈಲಾಳ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಜಗಳವೇ ಆಗುತ್ತದೆಂದು ಬರೆಯುತ್ತಿದ್ದೇನೆ. ಅಪ್ಪ ಹೋದಮೇಲೆ ಖಾಲಿ ಬಿದ್ದಿರುವ ಮಗ್ಗದ ಕೋಣೆಯನ್ನು ಹೊಲಿಗೆ ಕೆಲಸಕ್ಕೆ ಪಕ್ಕದ ಓಣಿಯ ಅಮೀನಬಿ ಬಾಡಿಗೆಗೆ ಕೇಳಿದ್ದಾಳೆ ಎಂದಾಗ ನೀನು, "ಆ ಮಂದಿಗೆ ಕೊಟ್ರ ಕೋಣಿ ನಮ್ಮ ಕೈಗೆ ಹೊಳ್ಳಿ ಬರಂಗಿಲ್ಲ" ಅಂದೆ. "ಹಂಗ ಆಗಿದ್ದು ನೀ ಕಂಡೀಯೇನು?" ಎಂದು ಕೇಳಿದರೆ, "ಎಲ್ಲಾರೂ ಅಂತಾರ" ಅಂದೆ.

ನೆನಪಿದೆಯೇ? ನೀನು ಸಣ್ಣವನಿದ್ದಾಗ ಅದೇ ಕೋಣೆಯ ಬಲ್ಬಿನ ಕೆಳಗೆ ನೂಲಿನ ಒಂದು ಲಡಿ ಹಿಡಿದು, ಇದು ಕರಿ ನೂಲೇ ಎಂದು ಹಟ ಮಾಡಿದ್ದೆ. ಅಪ್ಪ ಮಗ್ಗದಿಂದ ಏಳದೆಯೇ, "ಹೊಸ್ತಿಲಕ್ಕ ಒಯ್ದು ನೋಡಲೇ" ಅಂದಿದ್ದರು. ಬಿಸಿಲಿಗೆ ಹಿಡಿದರೆ ಅದು ನೀಲಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ. ಆ ನಗು ಕೇಳಿ ಬಹಳ ದಿನವಾಯಿತು.

ಅಮೀನಬಿ ಒಳ್ಳೆಯವಳು ಎಂದು ನಾನು ಬರೆಯುವುದಿಲ್ಲ. ಅದು ನನಗೆ ಅನಿಸಿದ್ದು. ಕಂಡದ್ದು ಇಷ್ಟೇ: ಕೋಣೆ ನೋಡಲು ಬಂದವಳು ಚಪ್ಪಲಿ ಹೊರಗೆ ಬಿಟ್ಟಳು, ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿಯನ್ನು ದಾಟದೆ ಸುತ್ತು ಹಾಕಿ ಹೋದಳು.

ರವಿವಾರ ಮುಂಜಾನೆ ಆಕೆ ಬರುತ್ತಾಳೆ. ಮುಂಡರಗಿಯಿಂದ ಮೊದಲ ಬಸ್ಸಿಗೆ ನೀನೂ ಬಾ. ನಿನ್ನ ಹತ್ತಿರ ಇರುವ ಇನ್ನೊಂದು ಕೀಲಿಕೈ ತಾ. ಒಳಗೆ ಬಲ್ಬಿನ ಕೆಳಗೆ ಕೂರುವುದು ಬೇಡ. ನಿಮ್ಮಿಬ್ಬರಿಗೂ ಹೊಸ್ತಿಲ ಬಳಿಯೇ ಚಾಪೆ ಹಾಸಿರುತ್ತೇನೆ.

ನಿನ್ನ ತಂಗಿ,
ಶೈಲಾ