ಹೊತ್ತು ಮುಳುಗುವ ಮುಂಚಿನ ಗುಳಿಗೆ

ಘೋಡಗೇರಿ
೧೬ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ನಿನ್ನ ಭಕ್ತಿಯ ಜಯ ಜಿನೇಂದ್ರ.

ಫೋನಿನಲ್ಲಿ ಗುಳಿಗೆಯ ಮಾತು ತೆಗೆದರೆ ಸಾಕು, “ಕುಕ್ಕರ್ ಸೀಟಿ ಹೊಡೀತು” ಎಂದು ಇಟ್ಟುಬಿಡುತ್ತೀ. ದಿನವಿಡೀ ಅದೇನು ಬೇಯಿಸುತ್ತೀ ತಾಯಿ! ಕಾಗದವನ್ನಾದರೂ ಪೂರ್ತಿ ಓದುತ್ತೀ ಎಂದುಕೊಂಡಿದ್ದೇನೆ. ಬೆನ್ನಿನ ಆಪರೇಶನ್ ಆದಾಗ ಕೊಟ್ಟ ನೋವಿನ ಗುಳಿಗೆ, ಬೆನ್ನು ನೆಟ್ಟಗಾದರೂ ನಿನ್ನನ್ನು ಬಿಟ್ಟಿಲ್ಲ. ನಾನು ದೀಪಾವಳಿಗೆ ಬಂದಾಗ ನೀನು ಕೂತಲ್ಲೇ ತೂಕಡಿಸಿ ಕಾದ ಎಣ್ಣೆಯ ಕಡೆ ವಾಲಿದೆ. ನನ್ನ ಜೀವ ಬಾಯಿಗೆ ಬಂತು.

ನನ್ನ ಅತ್ತೆಯ ಸುದ್ದಿ ಹೇಳುತ್ತೇನೆ, ಕೇಳು. ಮೊಣಕಾಲು ನೋವಿಗೆ ಅವರಿಗೂ ಅದೇ ಗುಳಿಗೆ, ಎರಡು ವರ್ಷದಿಂದ. ಬೆಳಿಗ್ಗೆ, ಸಂಜೆ, ಮಲಗುವಾಗ. ಆದರೆ ರಾತ್ರಿ ಉಣ್ಣದ ನೇಮದವರು, ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರೂ ಮುಟ್ಟುವವರಲ್ಲವಲ್ಲ! ಮಲಗುವಾಗಿನದನ್ನೂ ಸಂಜೆಯ ಊಟಕ್ಕೇ ಸೇರಿಸಿ ನುಂಗುತ್ತಿದ್ದರು. ರಾತ್ರಿಯೇ ಅದರ ಬಲ ಇಳಿದು ನಸುಕಿನಲ್ಲಿ ಮೈ ಬೆವರಿ ನಡುಕ ಹುಟ್ಟುತ್ತಿತ್ತು, ಬೆಳಗಾಗುತ್ತಲೇ ಒಂದರ ಬದಲು ಎರಡು ಬೇಕಾಗುತ್ತಿತ್ತು. ಸಾಲದಾದಾಗ ಗೋಕಾಕದ ಇನ್ನೊಬ್ಬ ಡಾಕ್ಟರ ಚೀಟಿ. ನಾವೋ ವಯಸ್ಸಿನ ಸಂಕಟ ಎಂದುಕೊಂಡೆವು.

ಶ್ರಾವಣದಲ್ಲಿ ಘಟಪ್ರಭಾದ ಡಾಕ್ಟರಬಾಯಿ ಎಲ್ಲ ಕೆದಕಿ ಕೇಳಿದರು. ಎಷ್ಟು ದಿನದಿಂದ, ನಿದ್ದೆ ಗುಳಿಗೆಯೂ ಇದೆಯೇ, ಹಲ್ಲಿಗೆ ತಂಬಾಕು ತಿಕ್ಕುತ್ತಿದ್ದಿರೇ, ಮನಸ್ಸಿಗೆ ಬೇಸರವೇ. ಅಂಥವರಿಗೆ ಈ ಗುಳಿಗೆ ಬೇಗ ಅಂಟಿಕೊಳ್ಳುತ್ತದಂತೆ. ಅತ್ತೆ ಅಳುಕಲಿಲ್ಲ. “ಎಲ್ಲಾ ಖರೆ ಐತ್ರಿ. ಮಿಶ್ರಿ ತಿಕ್ಕತಿದ್ನಿ. ನಮ್ಮವರು ಹೋದಾಗಿಂದ ಎದಿ ಖಾಲಿ ಆಗೇತಿ. ಈಗ ಕಾಲು ನೋಯದಿದ್ರೂ ಗುಳಿಗಿ ಬೇಕ ಅನಸ್ತೈತ್ರಿ” ಎಂದರು. ಅದೂ ಸೊಸೆಯ ಎದುರಿಗೆ! ಎಂಥ ಗಂಡೆದೆ ನೋಡು. “ನಾಳಿಂದ ಮುಟ್ಟೂದಿಲ್ಲ ಅಂತ ನೇಮಾ ಮಾಡ್ತೀನ್ರಿ” ಎಂದೂ ಹೇಳಿದರು. ಡಾಕ್ಟರಬಾಯಿ ಗಾಬರಿಯಾಗಿ, “ಒಮ್ಮೆಲೆ ಬಿಟ್ರ ತ್ರಾಸ ಆಗತೈತಿ ಆಯಿ, ಸಾವಕಾಶ ಇಳಸೂಣು” ಎಂದು ಹಗಲಿಗೆ ಹೊಂದುವಂತೆ ಹೊತ್ತು ಬದಲಿಸಿಕೊಟ್ಟರು.

ಇಳಿಸುವುದು ಸುಲಭವಿರಲಿಲ್ಲ. ಹೊಟ್ಟೆ ಕೆಟ್ಟಿತು, ನಿನ್ನ ಅಳಿಯನಿಗೆ ಸುಮ್ಮಸುಮ್ಮನೆ ಬೈಗುಳ ಬಿದ್ದವು. ಡಬ್ಬಿಯನ್ನು ನನ್ನ ಕೈಗಿಟ್ಟು, “ನಾ ಅತ್ತು ಕರದ್ರೂ ಕೊಡಬ್ಯಾಡ” ಎಂದಿದ್ದರು. ಖರೆ ಹೇಳುತ್ತೇನೆ, ಅತ್ತರು. ನನಗೂ ಕಣ್ಣೀರು ಬಂತು, ಆದರೆ ಕೊಡಲಿಲ್ಲ. ಈಗ ಅರ್ಧಕ್ಕಿಂತ ಕಡಿಮೆಯಾಗಿದೆ. ಅವರನ್ನು ಕಂಡರೆ ನನಗೆ ಅಷ್ಟು ಅಭಿಮಾನ.

ಅವ್ವ, ಅಪ್ಪ ಹೋದ ಮೇಲೆ ನಿನಗೂ ನಿದ್ದೆಯಿಲ್ಲ. ನಿನ್ನ ಬಳಿಯೂ ಎರಡು ಊರಿನ ಚೀಟಿಗಳಿವೆ. ಕಾಯಿಪಲ್ಲೆಗೆ ಹೋಗುತ್ತೇನೆ ಎಂದು ತಮ್ಮ ತೇಜಸನಿಗೆ ಹೇಳಿ ಹೊರಟು ಮೂಡಲಗಿ ಪೇಟೆಯಿಂದ ಗುಳಿಗೆ ತರುತ್ತೀ. “ಬೀಗರಿಗೆ ಗೊತ್ತಾದ್ರ ಮಾರಿ ಎಲ್ಲಿಟ್ಕೊಳ್ಳಲಿ” ಎಂದು ಹಬ್ಬದಲ್ಲಿ ಅಂದೆಯಲ್ಲ, ನೋವು ಉಂಡವಳಿಗೆ ಎಲ್ಲಿಯ ನಾಚಿಕೆ? ಹಠಕ್ಕೆ ಬಿದ್ದು ಒಮ್ಮೆಲೇ ಬಿಡಬೇಡ. ಡಾಕ್ಟರ ಮುಂದೆ ಇದ್ದದ್ದು ಇದ್ದಂತೆ ಹೇಳು. ನೀನು ನನಗೆ ಬೇಕು.

ನಿನ್ನ ಮಗಳು,
ಭಕ್ತಿ

ತಾ.ಕ.: ಸಿಟ್ಟಾಗಬೇಡ, ಈ ಕಾಗದ ತಂದುಕೊಟ್ಟ ಅತ್ತೆಗೆ ಎಲ್ಲ ಗೊತ್ತು. “ಬೀಗತಿಗೆ ಮೊದಲ ನನ್ನ ಕತಿ ಬರಿ. ಆಕಿ ಓದಿ ಮುಗಸೂತನಕ ನಾ ಬಾಜೂಕ ಕುಂಡರತೀನಿ” ಎಂದು ಇದನ್ನು ಬರೆಸಿದವರೇ ಅವರು. ಸೋಮವಾರಕ್ಕೆ ಘಟಪ್ರಭಾದ ಡಾಕ್ಟರಬಾಯಿಯ ಹತ್ತಿರ ನಿನ್ನ ಹೆಸರನ್ನೂ ಹಚ್ಚಿಸಿದ್ದಾರೆ. ನೀನು ಹೂಂ ಅನ್ನುವವರೆಗೆ ಮೂಡಲಗಿ ಬಿಡುವುದಿಲ್ಲವಂತೆ. ಅವರು ತಂದಿರುವ ಬಟ್ಟೆಯ ಗಂಟು ನೋಡಿದೆಯಲ್ಲ?