ಮರಿಬಸಪ್ಪನವರ ಕರಡಿಗೆ

ಬಳ್ಳಾರಿ
ಬುಧವಾರ, ೧೨ ಫೆಬ್ರುವರಿ ೨೦೨೫

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ಗವಿಸಿದ್ದೇಶನ ಶರಣು.

ಮೊಣಕಾಲು ನೋವು ಹೇಗಿದೆ? ಕುರುಗೋಡಿನಲ್ಲಿ ಸುನಂದತ್ತೆಯ ಮನೆಯ ಮೆಟ್ಟಿಲು ಎತ್ತರ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಅತ್ತೆಯ ಕೈ ಉಪ್ಪಿಗೆ ಧಾರಾಳ, ನಿಮಗೆ ಬಿಪಿ. ತಂಗಿಗೆ ಬೇಜಾರಾದೀತು ಅಂತ ಸುಮ್ಮನೆ ಉಣ್ಣಬೇಡಿ. ಗುಳಿಗೆ ತೀರಿದ್ದರೆ ಈ ಪತ್ರ ತರುವ ಪರಶುವಿನ ಹತ್ತಿರ ಚೀಟಿ ಕೊಡಿ, ನಾನು ತಂದು ಕಳಿಸುತ್ತೇನೆ. ಪರಶು ಕುರುಗೋಡಿನವನೇ, ನನ್ನ ಜೊತೆ ತರಬೇತಿಯಲ್ಲಿದ್ದಾನೆ. ನಾನು ಫೋನ್ ಮಾಡಿದರೆ ಅತ್ತೆ ಎತ್ತಿ, "ಅಣ್ಣ ಪೂಜಿಗೆ ಕುಂತಾನಪಾ" ಅನ್ನುತ್ತಾಳೆ. ಇಪ್ಪತ್ತು ದಿನದಿಂದ ಬೆಳಿಗ್ಗೆ ಮಾಡಿದರೂ ಪೂಜೆ, ಊಟದ ಹೊತ್ತಿಗೆ ಮಾಡಿದರೂ ಪೂಜೆ. ಸಿರುಗುಪ್ಪದಲ್ಲಿದ್ದಾಗ ಇಷ್ಟು ಪೂಜೆ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಏನು ಕಲಿಯುತ್ತಿದ್ದೇನೆ ಅಂತ ಊರವರ ಬಾಯಿಂದ ಕೇಳಿದಿರಿ, ನನ್ನನ್ನು ಕೇಳಲಿಲ್ಲ. ಹೋಟೆಲ್ ಕೆಲಸ ಅಂತ ಹೇಳಿ ಬಂದವನು ಬಾರ್ ಕೌಂಟರಿನ ಹಿಂದೆ ನಿಂತೆ, ಅದನ್ನು ನಿಮ್ಮಿಂದ ಮುಚ್ಚಿಟ್ಟೆ. ಮುಚ್ಚಿಟ್ಟದ್ದು ತಪ್ಪು, ಒಪ್ಪುತ್ತೇನೆ. ಆದರೆ ಡಿಗ್ರಿ ಮುಗಿಸಿ ಇಲ್ಲಿನ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ ಬೇರೆಯವರು ಬಿಚ್ಚಿ ನೋಡಿದ ಸೀರೆ ಮಡಚಿದವನಿಗೆ, ಆರು ತಿಂಗಳಲ್ಲಿ ಕೈಗೆ ಬರುವ ವಿದ್ಯೆ ಇದೊಂದೇ ಕಂಡಿತು. ಮೊದಲು ಗ್ಲಾಸ್ ಒರೆಸಿದೆ, ನಿಂಬೆಹಣ್ಣು ಹೆಚ್ಚಿದೆ, ಐಸ್ ಹೊತ್ತೆ. ಆಮೇಲೆ ನೀರು ತುಂಬಿದ ಬಾಟಲಿಗಳನ್ನು ಕೊಟ್ಟು ಅಳತೆ ಕಲಿಸಿದರು. ಅಳತೆಯ ಬಟ್ಟಲಿಲ್ಲದೆ, ಮನಸ್ಸಿನಲ್ಲೇ ಎಣಿಸಿಕೊಂಡು ಮೂವತ್ತು ಎಂ.ಎಲ್. ಸುರಿಯಬೇಕು. ಉಳಿದವರದು ಹೆಚ್ಚುಕಡಿಮೆ ಆಯಿತು, ನನ್ನದು ಮೂರು ಸಲವೂ ಗೆರೆಗೆ ಸರಿಯಾಗಿ ನಿಂತಿತು. ಕಲಿಸುವ ಎರ್ರಣ್ಣ ಸರ್, "ಎಲ್ಲಿ ಕಲ್ತಿಲೇ ಇದನ್ನ?" ಅಂದರು. ಏಳು ವರ್ಷದವನಿದ್ದಾಗ ಭಕ್ತರ ಮನೆಗಳಿಗೆ ಕರೆದುಕೊಂಡು ಹೋಗಿ, ಪಾದೋದಕ ಕೊಡುವಾಗ ನನ್ನ ಮಣಿಕಟ್ಟು ಹಿಡಿದು, "ಧಾರಿ ಸಣ್ಣಗ ಇರ್ಲಿ, ಒಂದ್ ಹನಿ ನೆಲಕ್ಕ ಬಿದ್ರ ಯಾರರ ತುಳಿತಾರ" ಅಂತ ಕಲಿಸಿದವರು ನೀವು. ಇಲ್ಲಿಯೂ ಇದುವರೆಗೆ ಒಂದು ಹನಿ ಚೆಲ್ಲಿಲ್ಲ. ರುಚಿ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಸ್ಟ್ರಾದ ತುದಿಯಲ್ಲಿ ನಾಲಿಗೆಗೆ ತಾಗಿಸಿ ಉಗುಳುವುದು ಪಾಠದಲ್ಲೇ ಇದೆ. ಕುಡಿದಿಲ್ಲ.

ಆ ವಿಡಿಯೋ ನೀವೂ ನೋಡಿದ್ದೀರಿ. ಬಾಟಲಿ ಎಸೆದು ಹಿಡಿಯುವುದನ್ನು ಕಲಿಸಿದ ದಿನ ಹೋಟೆಲಿನವರು ತೆಗೆದದ್ದು. ಬಾಟಲಿಯಲ್ಲಿ ಇದ್ದದ್ದು ನಲ್ಲಿ ನೀರು. ನಾನು ಬಗ್ಗಿ ಹಿಡಿದಾಗ ಲಿಂಗದ ಕರಡಿಗೆ ಅಂಗಿಯಿಂದ ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ತೂಗಾಡಿತು. ಮೇಲಿನ ಗುಂಡಿ ಹಾಕಿಕೊಂಡಿದ್ದರೆ ಯಾರ ಮನೆಗೂ ಏನೂ ಆಗುತ್ತಿರಲಿಲ್ಲ. ಅಕ್ಕಿ ಗಿರಣಿಯ ಮರಿಬಸಪ್ಪನವರು ಅದನ್ನು ನಮ್ಮ ಓಣಿಯವರಿಗೆಲ್ಲ ತೋರಿಸಿ, "ಮಗ ಗ್ಲಾಸಿಗೆ ಸೆರೆ ಹಾಕ್ತಾನ, ಅಪ್ಪ ಬಂದು ನಮಗ ಪಾದೋದಕ ಕೊಡ್ತಾನ. ಇದು ನಡಿಯಂಗಿಲ್ಲ" ಅಂದರಂತೆ. ಅವರ ಹೊಸ ಮನೆಯ ಪ್ರವೇಶಕ್ಕೆ ಬೇರೆ ಊರಿನ ಅಯ್ಯನವರು ಬಂದರು. ಮರಿಬಸಪ್ಪನವರನ್ನು ನೋಡಿ ಉಳಿದ ಮನೆಗಳೂ ನಿಮ್ಮನ್ನು ಬಿಟ್ಟವು. ನೀವು ಎದುರಾಡಲಿಲ್ಲ. ಜೋಳಿಗೆಯನ್ನು ಗೂಟಕ್ಕೆ ಹಾಕಿ ಕುರುಗೋಡಿನ ಬಸ್ ಹತ್ತಿದಿರಿ. "ನಿಮ್ಮಪ್ಪ ಚಾ ಸೈತ ಕುಡೀಲಿಲ್ಲೋ" ಅಂತ ಅವ್ವ ಫೋನಿನಲ್ಲಿ ಅತ್ತಳು. ಶಿವರಾತ್ರಿಗೆ ಎರಡೇ ವಾರ ಇದೆ, ಪೂಜೆಗೆ ಬರಬೇಕೆಂದು ಒಬ್ಬರೂ ಹೇಳಿಕಳಿಸಿಲ್ಲವಂತೆ.

ಕೌಂಟರಿನ ಆಚೆ ಕೂತವರ ವಿಷಯ ಈಚೆ ನಿಂತವನು ಹೊರಗೆ ಆಡಬಾರದು. ಎರ್ರಣ್ಣ ಸರ್ ಮೊದಲ ದಿನವೇ ಹೇಳಿಕೊಟ್ಟದ್ದು ಇದು. ನಿಮ್ಮ ಸಲುವಾಗಿ ಈ ಒಂದು ಸಲ ಮುರಿಯುತ್ತೇನೆ. ಪ್ರತಿ ಮಂಗಳವಾರ ಮಧ್ಯಾಹ್ನ, ಬ್ರೂಸ್‌ಪೇಟೆಯಲ್ಲಿ ವ್ಯಾಪಾರ ಮುಗಿಸಿಕೊಂಡು ಮರಿಬಸಪ್ಪನವರು ನಮ್ಮ ಬಾರಿಗೆ ಬರುತ್ತಾರೆ. ಮೊದಲ ಸಲ ನನ್ನನ್ನು ಕಂಡು ಬೆಚ್ಚಿದರು, ಆಮೇಲೆ ನಕ್ಕರು. ಕೊರಳಿನ ಕರಡಿಗೆ ತೆಗೆದು ಬಿಳಿ ಕರವಸ್ತ್ರದಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು. "ಮೈಮ್ಯಾಲ ಇಟ್ಕೊಂಡು ಕುಡೀಬಾರ್ದು, ಸ್ವಾಮಿ. ಟೇಬಲ್ ಮ್ಯಾಲ ಇಡಾಕ ಬರಂಗಿಲ್ಲ. ನೀವು ಅಯ್ನೋರ ಮಕ್ಕಳು, ನಿಮ್ಮ ಕೈಯಾಗಿದ್ರ ಮೈಲಿಗಿ ಇಲ್ಲ" ಅಂದರು. ಅಂದಿನಿಂದ ಅದನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡು ಅವರಿಗೆ ಮೂರು ಪೆಗ್ ಹಾಕುತ್ತೇನೆ, ಹೋಗುವಾಗ ಎರಡೂ ಕೈಯಿಂದ ಹಿಂತಿರುಗಿಸುತ್ತೇನೆ. ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳುತ್ತಾರೆ. ಭಕ್ತರ ಮನೆಗಳಿಂದ ನಿಮ್ಮನ್ನು ಬಿಡಿಸಿದ ಮರು ಮಂಗಳವಾರವೂ ಬಂದರು. ಅದೇ ಕರವಸ್ತ್ರ, ಅದೇ "ಸ್ವಾಮಿ". ನಾನು ತೆಗೆದುಕೊಂಡೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಮೂರು ಪೆಗ್ ಹಾಕಿದೆ, ಒಂದು ಹನಿಯೂ ಚೆಲ್ಲಲಿಲ್ಲ. ನೀವು ಅಷ್ಟು ಚೆನ್ನಾಗಿ ಕಲಿಸಿದ್ದೀರಿ.

ಅವರ ಮೇಲಿನ ಸಿಟ್ಟು ದೊಡ್ಡದಲ್ಲ ಅಪ್ಪಾ. ಅಂಥವರನ್ನು ಇಲ್ಲಿ ದಿನಾ ನೋಡುತ್ತೇನೆ. ನನ್ನ ಸಿಟ್ಟು ನಿಮ್ಮ ಮೇಲೆ. ಬಳ್ಳಾರಿಗೆ ಒಂದು ಬಸ್ ಹತ್ತಿ ಬಂದು, "ಏನ್ ಮಾಡಾಕತ್ತೀಯಲೇ?" ಅಂತ ಕೆನ್ನೆಗೆ ಬಾರಿಸಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಬೈಯುವುದಕ್ಕೂ ಬೇಡದ ಮಗನಾದೆ. ಈ ತಿಂಗಳ ಕೊನೆಗೆ ತರಬೇತಿ ಮುಗಿಯುತ್ತದೆ, ಇಲ್ಲೇ ಕೆಲಸ ಕೊಡುತ್ತಾರೆ, ನಾನು ಸೇರುತ್ತೇನೆ. ಆದರೆ ನಿಮ್ಮ ಜೋಳಿಗೆ ಗೂಟದಲ್ಲಿ ಇರುವ ತನಕ ಅವ್ವನ ಮುಖ ನೋಡಲು ಸಿರುಗುಪ್ಪಕ್ಕೆ ಹೋಗಲಾರೆ.

ಸುನಂದತ್ತೆಗೆ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಬೇಕು ಅಂತ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬೇಕು.

ಇಂತಿ ನಿಮ್ಮ ಮಗ,
ಗವಿಸಿದ್ದೇಶ

ತಾ.ಕ.: ಪರಶು ಒಂದು ಬಿಳಿ ಕರವಸ್ತ್ರದ ಗಂಟು ಕೊಡುತ್ತಾನೆ, ಕೈ ತೊಳೆದುಕೊಂಡು ಬಿಚ್ಚಿ. ನಿನ್ನೆ ಮರಿಬಸಪ್ಪನವರ ಮೂರು ಪೆಗ್ ಐದಾಯಿತು, ಫೋನಿನಲ್ಲಿ ಮಾತಾಡುತ್ತಾ ಎದ್ದು ಹೋದರು, ಇದನ್ನು ಮರೆತರು. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಬೆಳಿಗ್ಗೆಯಿಂದ ಒಂದೇ ಸಮನೆ ಫೋನ್ ಮಾಡುತ್ತಿದ್ದಾರೆ. ಲಿಂಗವಿಲ್ಲದೆ ಬಾಯಿಗೆ ನೀರೂ ಹಾಕಿಲ್ಲವಂತೆ, ಹೊಟ್ಟೆನೋವು ಅಂತ ಮನೆಯವರಿಗೆ ಹೇಳಿ ಮಲಗಿದ್ದಾರಂತೆ. "ಕುರುಗೋಡಿನ್ಯಾಗ ಅಪ್ಪನ ಹತ್ರ ಐತ್ರಿ, ಅವರೇ ಕಟ್ಟಬೇಕು" ಅಂದಿದ್ದೇನೆ. ಇವತ್ತೇ ಬರುತ್ತಾರೆ. ಉಪವಾಸ ಇಡಬೇಡಿ, ಕಟ್ಟಿ ಕಳಿಸಿ. ನನ್ನನ್ನಂತೂ ಒಂದು ಮಾತೂ ಕೇಳದೆ ಹೋದಿರಿ. ಕಟ್ಟುವ ಮೊದಲು ಅವರನ್ನಾದರೂ ಕೇಳಿ, ಇದನ್ನು ಎಲ್ಲಿ ಬಿಟ್ಟಿದ್ದಿರಿ ಅಂತ.