ಪಪ್ಪಾಯಿ ಪಕ್ಕಕ್ಕಿಟ್ಟು ಎದ್ದೇಳು, ಶಾಂಭವಿ

ಗದಗ, ಹೊಸ ಶಕೆ ೩೧೨, ಎರಡನೇ ಶ್ರಾವಣದ ಮೂವತ್ತೇಳನೆಯ ದಿನ

ಶಾಂಭವಿ ಅಜ್ಜಿಗೆ,

ಶ್ರಾವಣಕ್ಕೆ ಮೂವತ್ತೇಳನೆಯ ದಿನ ಹೇಗೆ ಬಂತು ಎಂದು ಕೇಳಬೇಡ; ಕ್ಯಾಲೆಂಡರು ನಾನು ಹುಟ್ಟುವ ಮೊದಲೇ ಕೆಟ್ಟಿತ್ತು. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೋ. ನಾನು ನೀಲಾಂಬಿ. ನಿನ್ನ ಗಿರಿಜಕ್ಕನಿಂದ ಇಳಿದು ಬಂದ ಬಳ್ಳಿಯಲ್ಲಿ ಎಲ್ಲೋ ಕೆಳಗಿರುವವಳು. ಅಜ್ಜಿ ಎಂದು ಕರೆದರೂ ನಿನಗಿನ್ನೂ ಇಪ್ಪತ್ತನಾಲ್ಕು, ನನಗೆ ಮೂವತ್ತು ದಾಟಿದೆ. ಆದ್ದರಿಂದ ಸ್ವಲ್ಪ ಗದರುವ ಹಕ್ಕು ನನಗಿದೆ. ಮತ್ತೊಂದನ್ನೂ ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು.

ನಮ್ಮೂರಲ್ಲಿ ದನಿಮನೆ ಎಂಬುದೊಂದಿದೆ. ನಿಮ್ಮ ಕಾಲದ ಫೋನುಗಳಲ್ಲಿ ಉಳಿದುಹೋದ ಮಾತುಗಳನ್ನೆಲ್ಲ ಅಲ್ಲಿ ಕೂಡಿಟ್ಟಿದ್ದಾರೆ. ಹಬ್ಬದ ದಿನ ಜನ ಹೋಗಿ ತಮ್ಮ ಹಿರಿಯರ ದನಿ ಕೇಳಿ ಬರುತ್ತಾರೆ. ಹೆಚ್ಚಿನವರು ಊಟ ಆಯ್ತಾ ಎಂದಷ್ಟೇ ಕೇಳಿರುತ್ತಾರೆ, ನಾವು ಅದಕ್ಕೂ ಕಣ್ಣೀರು ಹಾಕುತ್ತೇವೆ. ಈ ಸಲ ನನಗೆ ಸಿಕ್ಕಿದ್ದು ನೀನು ಗಿರಿಜಕ್ಕನಿಗೆ ಕಳಿಸಿದ ಮಾತು. “ಅಕ್ಕಾ, ನಿನ್ನೆ ರಾತ್ರಿ ನಿರೋಧ್ ಇರ್ಲಿಲ್ಲ. ಇವ್ರು, ನಾ ಹುಷಾರ್ ಇದ್ದೆ, ಏನೂ ಆಗಂಗಿಲ್ಲ ಬಿಡು ಅಂತಾರ. ಮುಂದಿನ ತಿಂಗಳ ಬಿ.ಎಡ್ ಪರೀಕ್ಷಾ ಐತಿ, ನಂಗ ಈಗ ಕೂಸು ಬ್ಯಾಡವಾ. ಬಾಜೂ ಮನಿ ಕಾಕಿನ್ನ ಹಂಗ ಸುಮ್ನ ಕೇಳಿದ್ದಕ್ಕ, ಪಪ್ಪಾಯಿ ತಿನ್ನು, ಎಳ್ಳು ಬೆಲ್ಲ ಕುಟ್ಟಿ ತಿನ್ನು, ಎಲ್ಲಾ ತೊಳದಂಗ ಹೊಕ್ಕೈತಿ ಅಂದ್ಳು. ಗುಳಿಗಿ ತರಾಕ ಹೋದ್ರ ಮೆಡಿಕಲ್ ಶಾಪಿನ್ಯಾಗ ನಮ್ಮ ಮಾವನ ಗೆಳ್ಯಾ ಕುಂತಿರ್ತಾನ. ಏನ್ ಮಾಡ್ಲಿ?” ಅಲ್ಲಿಗೆ ನಿನ್ನ ದನಿ ನಿಂತಿದೆ. ಮುಂದೆ ಏನಾಯಿತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಗೊತ್ತಿಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸುತ್ತದೆ. ನಮ್ಮ ಪ್ರತಿ ಮನೆಯ ಹೊಸ್ತಿಲ ಮೇಲೂ ಒಂದು ಬಾಗಿಲುದೀಪ ಇರುತ್ತದೆ. ಬಚ್ಚಲಿನಿಂದ ಹೋಗುವ ನೀರನ್ನು ಅದು ಓದಿಕೊಳ್ಳುತ್ತದೆ. ಹೆಂಗಸು ಬಸಿರಾದರೆ ಹಸಿರಾಗುತ್ತದೆ. ಯಾವುದೋ ಕಾಲದಲ್ಲಿ ಆರೈಕೆಯಿಲ್ಲದೆ ಬಸುರಿಯರು ಸಾಯುತ್ತಿದ್ದರಂತೆ, ಅವರನ್ನು ಉಳಿಸಲೆಂದು ತಂದ ಏರ್ಪಾಡು ಇದು. ಇವತ್ತಿಗೂ ಜೀವ ಉಳಿಸುತ್ತದೆ, ಸುಳ್ಳೇಕೆ ಹೇಳಲಿ. ಆದರೆ ದೀಪ ಹಸಿರಾದ ಬೆಳಿಗ್ಗೆಯೇ ಓಣಿಯವರೆಲ್ಲ ಕುಬಸ ಮಾಡಲು ಬಂದುಬಿಡುತ್ತಾರೆ. ನಿಮ್ಮಲ್ಲಿ ಐದೋ ಏಳೋ ತಿಂಗಳು ತುಂಬಿದ ಮೇಲೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಮಾಡುತ್ತಿದ್ದ ಶಾಸ್ತ್ರವನ್ನು ನಮ್ಮವರು ಮೊದಲ ದಿನಕ್ಕೇ ತಂದಿಟ್ಟಿದ್ದಾರೆ. ಗುಳಿಗೆ ನಮ್ಮಲ್ಲೂ ಉಂಟು. ನುಂಗಿದರೆ ದೀಪ ಹಳದಿಯಾಗುತ್ತದೆ, ಆಗ ಅದೇ ಓಣಿ ಬುದ್ಧಿ ಹೇಳಲು ಬರುತ್ತದೆ. ಬಂದವರಿಗೆ ಚಹಾ ಬೇರೆ ಮಾಡಿಕೊಡಬೇಕು.

ನಿನ್ನ ಹೊಸ್ತಿಲ ಮೇಲೆ ದೀಪವಿಲ್ಲ. ನಿನ್ನ ಒಡಲಿನ ಸುದ್ದಿ ನೀನು ಹೇಳುವ ತನಕ ಯಾರಿಗೂ ತಿಳಿಯುವುದಿಲ್ಲ. ಇಂಥ ಭಾಗ್ಯ ಇಟ್ಟುಕೊಂಡು ನೀನು ಪಪ್ಪಾಯಿ ಹೆಚ್ಚುತ್ತ ಕೂತಿದ್ದೀಯಲ್ಲ! ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನಾವು ಈಗಲೂ ಹೇಳುತ್ತೇವೆ. ಕಾಕಿಯ ಎಳ್ಳು ಬೆಲ್ಲ ಬಾಯಿಗೆ ರುಚಿ, ಅಷ್ಟೇ; ಅದರಿಂದ ಯಾವ ಬಸಿರೂ ತಪ್ಪುವುದಿಲ್ಲ. ನಿನ್ನ ಗಂಡನ ಹುಷಾರೂ ನಂಬುವಂಥದ್ದಲ್ಲ, ಗಂಡಸು ಹಿಂದೆ ಸರಿದರೂ ಬಸಿರು ನಿಲ್ಲುವುದುಂಟು. ಮುಟ್ಟಿನ ದಿನ ಎಣಿಸಿ ಸಮಾಧಾನ ಮಾಡಿಕೊಳ್ಳಬೇಡ. ಪರೀಕ್ಷೆಯ ಚಿಂತೆಗೆ, ನಿದ್ದೆಗೇಡಿಗೆ ಅಂಡ ಬಿಡುಗಡೆಯಾಗುವ ದಿನ ಹಿಂದುಮುಂದಾಗುತ್ತದೆ, ಗಂಡಸಿನ ವೀರ್ಯಾಣು ಒಡಲಲ್ಲಿ ಐದು ದಿನದವರೆಗೂ ಜೀವ ಹಿಡಿದಿರಬಲ್ಲದು.

ನೀನು ತರಲು ಹೆದರಿದ ಆ ತುರ್ತು ಗುಳಿಗೆಗೆ ವೈದ್ಯರ ಚೀಟಿ ಬೇಕಿಲ್ಲ. ಮೂರು ದಿನದೊಳಗೆ ನುಂಗಬೇಕು, ಆದರೆ ಇವತ್ತಿನಷ್ಟು ಕೆಲಸ ಅದು ನಾಡಿದ್ದು ಮಾಡುವುದಿಲ್ಲ. ಅಂಡ ಹೊರಬರುವುದನ್ನು ಅದು ಮುಂದಕ್ಕೆ ತಳ್ಳುತ್ತದೆ. ಆಗಲೇ ನಿಂತ ಬಸಿರನ್ನು ಇಳಿಸುವುದಿಲ್ಲ. ಇಳಿಸುವ ಗುಳಿಗೆ ಬೇರೆ, ಅದನ್ನು ವೈದ್ಯರನ್ನು ಕೇಳದೆ ಮುಟ್ಟಬೇಡ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ಕೇಳಿ ತೆಗೆದುಕೊಳ್ಳಬೇಕು. ಇನ್ನೂ ಭದ್ರವಾದದ್ದು ಬೇಕೆಂದರೆ ಆಸ್ಪತ್ರೆಯಲ್ಲಿ ಕಾಪರ್ ಟಿ ಹಾಕುತ್ತಾರೆ. ಐದು ದಿನದೊಳಗೆ ಹಾಕಿಸಿಕೊಂಡರೆ ಅದಕ್ಕಿಂತ ನೆಚ್ಚಿಕೆಯದು ಇಲ್ಲ, ಮುಂದೆ ವರ್ಷಗಟ್ಟಲೆ ಕಾಯುತ್ತದೆ. ಗುಳಿಗೆ ಮಾತ್ರ ನಾಳಿನ ರಾತ್ರಿಗೆ ಕಾವಲಲ್ಲ, ಅದನ್ನು ಗಂಡನಿಗೂ ಹೇಳು. ಮುಟ್ಟು ಒಂದು ವಾರ ತಡವಾದರೆ, ಇಲ್ಲವೇ ಮೂರು ವಾರ ಕಳೆದರೂ ಅನುಮಾನ ಉಳಿದರೆ, ಬಸಿರು ಪರೀಕ್ಷೆಯ ಕಿಟ್ ತಂದು ನೋಡು. ಬಸಿರು ನಿಂತಿದ್ದರೂ ಹೆದರಬೇಡ, ಬೇಗ ವೈದ್ಯರ ಹತ್ತಿರ ಹೋದರೆ ದಾರಿಗಳಿವೆ.

ಮಾವನ ಗೆಳೆಯನ ಅಂಗಡಿ ಬಿಟ್ಟರೆ ಗದಗಿನಲ್ಲಿ ಬೇರೆ ಅಂಗಡಿಯೇ ಇಲ್ಲವೇ? ಬಸ್ ಸ್ಟ್ಯಾಂಡಿನ ಕಡೆ ಹೋಗು. ಅಲ್ಲಿ ನೀನು ಯಾರ ಸೊಸೆಯೂ ಅಲ್ಲ. ಗುಳಿಗೆಯನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರಂತೆ. ಆ ಪೇಪರಿನ ತುಂಡಿಗೆ ಕೂಡ ನಾನು ಕರುಬುತ್ತೇನೆ.

ನನ್ನದನ್ನೂ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಹೊರಗೆ ಎದುರು ಮನೆ ದೊಡ್ಡವ್ವನ ದನಿ: “ಬಾಗ್ಲಾ ತಗೀಬೇ ನೀಲಾಂಬಿ, ದೀಪ ಹಸಿರಾಗೈತಿ!” ಬಾಯಿ ಮುಕ್ಕಳಿಸುವಷ್ಟರಲ್ಲಿ ನನ್ನ ಅತ್ತೆ ಬಾಗಿಲು ತೆಗೆದಿದ್ದರು. ಹನಿ ನೀರು ಗದ್ದದಿಂದ ಇಳಿಯುತ್ತಿರುವಾಗಲೇ ಕೈಗೆ ಬಳೆ ಏರಿದವು. ಗಂಡನಿಗೆ ನಾನು ಹೇಳಬೇಕಿದ್ದ ಮಾತನ್ನು ಅವನು ಸಂತೆಯಲ್ಲಿ ಯಾರಿಂದಲೋ ಕೇಳಿ, ಪೇಢೆ ಹಂಚಿ ಬಂದಿದ್ದ. ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಮಗಳು ಈಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಅವಳಿಲ್ಲದೆ ನಾನು ಬದುಕಲಾರೆ. ಆವತ್ತು ಒಂದೇ ಒಂದು ದಿನ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರೆ, ಯೋಚಿಸಿ, ಅತ್ತು, ನಕ್ಕು, ಬಹುಶಃ ಬೇಕು ಎಂದೇ ಹೇಳುತ್ತಿದ್ದೆ. ಆ ‘ಬೇಕು’ ನನ್ನ ಬಾಯಲ್ಲೇ ಉಳಿದುಹೋಯಿತು. ನಿನ್ನ ‘ಬೇಡ’ ಇನ್ನೂ ನಿನ್ನದೇ, ಶಾಂಭವಿ. ಚಪ್ಪಲಿ ಮೆಟ್ಟಿಕೋ.

ನಿನ್ನ,
ನೀಲಾಂಬಿ